ಹುಡುಗರ ಜೊತಿ ಕೆಲಸ ಮಾಡೋ ದೊಡ್ಡವರು ಏನಾಗಿರಬೇಕು: ಮಾಸ್ತರ, ಕೋಚ್, ದೋಸ್ತ, ಕಾವಲುಗಾರ?

ಸಿಂಧನೂರು_ಎಡದಂಡಿ

ಎಲ್ಲಾರಿಗೂ ನಮಸ್ಕಾರ್ರೀ. ಊರ ಪಂಚಾಯ್ತಿ ಗ್ರಂಥಾಲಯದಾಗ (ಈಗ ಅರಿವು ಕೇಂದ್ರ ಅಂತಾರ) ವಾರಕ್ಕ ಎರಡು ಸಂಜಿ ಹುಡುಗ-ಹುಡುಗೇರನ್ನ ಸೇರಿಸಿ ಗುಂಪು ನಡಸೋ ವಿಚಾರ ಅದ. 13ರಿಂದ 18 ವಯಸ್ಸು, ಅಂದಾಜು 25 ಮಂದಿ. ದೊಡ್ಡವರು ಐದು ಮಂದಿ: ರಿಟೈರ್ಡ್ ಮಾಸ್ತರು, ಆಶಾ ಅಕ್ಕ, ಖೋಖೋ ಕಲಿಸೋರೊಬ್ರು, ಡಿಗ್ರಿ ಎರಡನೇ ವರ್ಷದ ಹುಡುಗ, ಮತ್ತ ನಾನು.

ಇನ್ನೂ ಚಾಪಿ ಹಾಸಿಲ್ಲ, ಆಗಲೇ ವಾದ ಶುರು. ಮಾಸ್ತರು "ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಡೋಣು" ಅಂತಾರ. ಡಿಗ್ರಿ ಹುಡುಗ "ದೋಸ್ತರಂಗ ಇರಬೇಕು" ಅಂತಾನ. ಆಶಾ ಅಕ್ಕ "ಹುಡುಗೇರು ಗುಟ್ಟು ಹೇಳಿದ್ರ ನಾ ಏನ್ ಮಾಡ್ಲಿ" ಅಂತ ಕೇಳ್ತಾರ. ಯಾರು ಏನಾಗಬೇಕು? ಒಬ್ಬರೇ ಮಾಸ್ತರೂ ಆಗಿ ದೋಸ್ತನೂ ಆಗಬಹುದಾ? ಗೊತ್ತಿದ್ದೋರು ಬಿಡಿಸಿ ಹೇಳ್ರಿ. ಭಾಷಣ ಬ್ಯಾಡ.

ಗಂಗಾವತಿ_ಖೋ

ಆಗಬಹುದು. ಆದ್ರ ಒಂದೇ ತಾಸಿನೊಳಗ ಎರಡೂ ಆಗಬ್ಯಾಡ್ರಿ.

ಖೋಖೋದಾಗ ನೋಡ್ರಿ. ಎಂಟು ಮಂದಿ ಒಬ್ಬರು ಈ ಕಡಿ, ಒಬ್ಬರು ಆ ಕಡಿ ಮುಖ ಮಾಡಿ ಕುಂತಿರ್ತಾರ, ಒಂಬತ್ತನೇವ ಬೆನ್ನಟ್ತಾನ. ಕೋಚ್ ಗೆರಿ ಹೊರಗ ನಿಂತು "ಖೋ ಕೊಡೋ! ಎಡಕ್ಕ ಕೊಡೋ!" ಅಂತ ಒದರಿದ್ರ ಏನಾಗ್ತದ? ಬೆನ್ನಟ್ಟೋ ಹುಡುಗ ಓಡೋನ ಕಾಲು ನೋಡೋದು ಬಿಟ್ಟು ಕೋಚ್ ಮುಖ ನೋಡ್ತಾನ. ಅರ್ಧ ಸೆಕೆಂಡ್ ಹೋತು, ಓಡೋನು ಕಂಬ ದಾಟಿದ. ಕುಂತ ಹುಡುಗರೂ ಬೆನ್ನಿಗೆ ಕೈ ಬೀಳೋಕ್ಕಿಂತ ಮುಂಚೆ ಕೋಚ್ ದನಿಗೇ ಏಳ್ತಾರ, ಫೌಲ್.

ಅದಕ್ಕ ಆಟ ನಡದಾಗ ಕೋಚ್ ಬಾಯಿ ಮುಚ್ಚಿರಬೇಕು. ಟರ್ನ್ ಮುಗದ ಮ್ಯಾಲ ಎರಡೇ ಪ್ರಶ್ನಿ: "ಎಲ್ಲಿ ಖೋ ತಡ ಆತು? ಮುಂದಿನ ಟರ್ನಿಗೆ ಏನ್ ಬದಲಿ ಮಾಡ್ತೀರಿ?" ಉತ್ತರ ಅವರೇ ಹೇಳಬೇಕು. ಇನ್ನೊಂದು, ಕೋಚ್ ಆದೋನು ಅವತ್ತು ಸೀಟಿ ಹಿಡೀಬಾರದು. ತನ್ನ ಹುಡುಗನ್ನ ಔಟ್ ಕೊಟ್ರೂ ಬೈಗುಳ, ಕೊಡದಿದ್ರೂ ಬೈಗುಳ. ಸೀಟಿ ಬ್ಯಾರೇದವರಿಗೆ ಕೊಡ್ರಿ.

ಬಳ್ಳಾರಿ_ಕೌಲ್‌ಬಜಾರ್

ಖೋ ಅಣ್ಣ ಹೇಳಿದ್ದು ಸರಿ ಐತೆ. ಆದ್ರೆ 13 ವರ್ಷದ ಹೊಸ ಹುಡುಗ್ರಿಗೆ ಬಾಯಿ ಮುಚ್ಚಿಕೊಂಡು ಕೋಚಿಂಗ್ ಮಾಡಿದ್ರೆ ಅವರು ಕಲಿಯೋದು ಯಾವಾಗ? ಕೂರೋದು, ಮೇಲೇಳೋದು, ದಿಕ್ಕು ಹಿಡಿಯೋದು ಮೊದಲು ಕೈ ಹಿಡಿದು ತೋರಿಸಬೇಕು.

ಗಂಗಾವತಿ_ಖೋ

ತೋರಸ್ರಿ, ಬ್ಯಾಡ ಅಂದವರು ಯಾರು? ತೋರಸೋ ಹೊತ್ತಿನ್ಯಾಗ ನೀವು ಮಾಸ್ತರು. ಆಟದ ಹೊತ್ತಿನ್ಯಾಗ ಕೋಚ್. ಎರಡರ ನಡುವಿನ ಗೆರಿ ಹುಡುಗರಿಗೆ ಕಾಣಬೇಕು, ಅಷ್ಟ. "ಈಗ 15 ನಿಮಿಷ ನಾ ಹೇಳ್ತೀನಿ, ಆಮ್ಯಾಲ 30 ನಿಮಿಷ ನಿಮ್ಮದು" ಅಂತ ಬಾಯಿ ಬಿಟ್ಟು ಹೇಳಿಬಿಡ್ರಿ.

ಕುಷ್ಟಗಿ_ಮಕ್ಕಳಸಭೆ

ಈ ಮಾತು ಹಿಡಕೊಂಡು ಮುಂದುವರಸ್ತೀನಿ. ಪಾತ್ರ ಯಾವುದು ಅನ್ನೋದಕ್ಕಿಂತ "ಈ ನಿರ್ಧಾರ ಯಾರದು" ಅಂತ ಮೊದಲೇ ಹೇಳೋದು ಮುಖ್ಯ. ಹುಡುಗರು ಸಿಟ್ಟಾಗೋದು ದೊಡ್ಡವರು ನಿರ್ಧಾರ ತಗೊಂಡ್ರು ಅಂತ ಅಲ್ಲ. "ನೀವೇ ತೀರ್ಮಾನ ಮಾಡ್ರಿ" ಅಂತ ಹೇಳಿ, ಅವರು ಮಾಡಿದ ಮ್ಯಾಲ ಅದನ್ನ ತಿರುವಿ ಹಾಕಿದ್ರ ಸಿಟ್ಟು.

ಪಂಚಾಯ್ತಿಯವರು ಮಕ್ಕಳ ಮಾತು ಕೇಳಾಕ ಕರಿಯೋ ಮಕ್ಕಳ ಗ್ರಾಮಸಭಾದಾಗ ಇದು ಎದ್ದು ಕಾಣ್ತದ. ಪಂಚಾಯ್ತಿಯವರು ಪೆಂಡಾಲ್ ಹಾಕಿ, ಕುಂಭ ಹೊತ್ತ ಹುಡುಗೇರನ್ನ ಬಾಗಲಿಗೆ ನಿಲ್ಲಿಸಿ, ಒಂದು ತಾಸು ಭಾಷಣ ಮಾಡ್ತಾರ. ಮಕ್ಕಳಿಗೆ ಉಳಿಯೋದು ಹದಿನೈದು ನಿಮಿಷ. ಅದರಾಗೂ ಮಾಸ್ತರು ಬರದುಕೊಟ್ಟ ಚೀಟಿ ಓದೋ ಮಗು ಒಂದು. ಸರಿಯಾಗಿ ಮಾಡಬೇಕಂದ್ರ ಹಿಂಗ: ಒಂದು ವಾರ ಮುಂಚೆ ಸಾಲಿಗೆ, ಓಣಿಗೆ ಹೋಗಿ ಚಿಕ್ಕ ಗುಂಪಿನ್ಯಾಗ ಕೂಡ್ರಿ. ಹುಡುಗೇರದು ಬ್ಯಾರೆ ಗುಂಪು ಮಾಡ್ರಿ, ಶೌಚಾಲಯದ ಮಾತು ಹುಡುಗರ ಮುಂದ ಬರೋದಿಲ್ಲ. ಸಾಲಿ ಬಿಟ್ಟ ಮಕ್ಕಳನ್ನ ಹುಡುಕಿ ಕರೀರಿ, ಅವರು ತಾವಾಗೇ ಬರೋದಿಲ್ಲ. ಸಭಾ ದಿನ ಪಿಡಿಒ, ಅಧ್ಯಕ್ಷರು ಜಮಖಾನಾದ ಮ್ಯಾಲೆ ಮಕ್ಕಳ ಜೊತಿ ಕೂಡಬೇಕು. ಸಭಾ ಶುರು ಆಗಬೇಕಾದ್ದು ಹೋದ ವರ್ಷ ಕೇಳಿದ್ದರಾಗ ಏನೇನ್ ಆತು ಅನ್ನೋ ವರದಿಯಿಂದ. ಅದಿಲ್ಲಂದ್ರ ಎರಡನೇ ವರ್ಷ ಮಕ್ಕಳು ಬರ್ತಾರ, ಬಾಯಿ ಬಿಡೋದಿಲ್ಲ.

ಅಲ್ಲಿ ನಡಸೋರ ಕೆಲಸ ಸುಗಮಕಾರರದು. ಉತ್ತರ ಕೊಡೋದು ಅಲ್ಲ, ಮಾತು ಎಲ್ಲಾರ ಹತ್ರ ಹೋಗಂಗ ನೋಡೋದು.

ಹಳೇ_ಮಾಸ್ತರ

ಸುಗಮಕಾರ ಅಂತ ಹೊಸ ಹೆಸರಿಟ್ಟರೆ ಮಾಸ್ತರಿಕೆ ಬಿಟ್ಟುಹೋಗುತ್ತದೆಯೇ? ಪ್ರಶ್ನೆ ಕೇಳುವುದು ನಾವು ಮೊದಲಿನಿಂದ ಮಾಡುತ್ತಿರುವುದೇ.

ಕುಷ್ಟಗಿ_ಮಕ್ಕಳಸಭೆ

ಗುರುಗಳೇ, ಸಿಟ್ಟಾಗಬ್ಯಾಡ್ರಿ. ಮಾಸ್ತರ ಪ್ರಶ್ನಿಗೆ ಉತ್ತರ ಮಾಸ್ತರಿಗೆ ಗೊತ್ತಿರ್ತದ. ಸುಗಮಕಾರನ ಪ್ರಶ್ನಿಗೆ ಉತ್ತರ ಅವನಿಗೆ ಗೊತ್ತಿರಬಾರದು. ಅಷ್ಟೇ ಫರಕು.

"ಎಲ್ಲಾರಿಗೂ ತಿಳೀತಾ?" ಅಂದ್ರ 25 ಬಾಯಿಂದ "ಹ್ಞೂ ರೀ" ಬರ್ತದ, ಒಬ್ಬರಿಗೂ ತಿಳಿದಿರೋದಿಲ್ಲ. ಅದರ ಬದಲಿ "ಈಗ ಮೊದಲು ಯಾರ ಹತ್ರ ಹೋಗ್ತೀರಿ, ಏನಂತ ಕೇಳ್ತೀರಿ?" ಅನ್ರಿ. ಕೇಳಿ ಸುಮ್ಮನಿರ್ರಿ. ಸಾಮಾನ್ಯವಾಗಿ ನಾವು ಒಂದು ಸೆಕೆಂಡ್ ಕಾದು ನಾವೇ ಉತ್ತರ ಹೇಳಿಬಿಡ್ತೀವಿ. ಮೂರು ಸೆಕೆಂಡ್ ಕಾದ್ರ ಸಾಕು, ಉತ್ತರ ಉದ್ದ ಆಗ್ತಾವ, ಹಿಂದ ಕುಂತೋರೂ ಮಾತಾಡ್ತಾರ. ಹೊಸ ಗುಂಪಿನ್ಯಾಗ ಮನಸಿನ್ಯಾಗ ಹತ್ತು ಎಣಿಸ್ರಿ. ಏಳನೇ ಎಣಿಕಿಗೆ ಮೂಲಿಯ ಹುಡುಗಿ ಓಡ್ನಿ ತುದಿ ಬೆರಳಿಗೆ ಸುತ್ತೋದು ನಿಲ್ಲಸ್ತಾಳ, ಒಂಬತ್ತಕ್ಕ ಬಾಯಿ ತಗೀತಾಳ. ಎಂಟರಾಗ ನೀವು ಮಾತಾಡಿದ್ರ ಅವಳು ಅವತ್ತೆಲ್ಲಾ ಸುಮ್ಮನೇ.

ಹಳೇ_ಮಾಸ್ತರ

ಹತ್ತು ಎಣಿಸುವುದು ಒಪ್ಪಿದೆ. ಉಳಿದದ್ದು ಆಮೇಲೆ ನೋಡೋಣ.

ಮಾನ್ವಿ_ಓದುಗ

ಮಕ್ಕಳು ಎಷ್ಟರ ಮಟ್ಟಿಗೆ ಪಾಲ್ಗೊಳ್ತಾರ ಅಂತ ತೋರಸೋ ಒಂದು ಮೆಟ್ಟಿಲಿನ ಚಿತ್ರ ಅದ. ರೋಜರ್ ಹಾರ್ಟ್ ಅನ್ನೋರು 1992ರಾಗ ಯುನಿಸೆಫ್‌ಗೆ ಬರದದ್ದು, ಎಂಟು ಮೆಟ್ಟಿಲು. ಕೆಳಗಿನ ಮೂರು ಪಾಲ್ಗೊಳ್ಳೋದೇ ಅಲ್ಲ ಅಂತಾರ: ಮಕ್ಕಳನ್ನ ದಾಳ ಮಾಡೋದು, ಅಲಂಕಾರಕ್ಕ ನಿಲ್ಸೋದು, ನೆಪಕ್ಕ ಕೂಡ್ಸೋದು. ಕುಂಭದ ಹುಡುಗೇರು ಎರಡನೇ ಮೆಟ್ಟಿಲು, ಚೀಟಿ ಓದಿದ ಮಗು ಮೂರನೇದು. ಮ್ಯಾಲಿನ ತುದಿಗೆ ಎಲ್ಲಾ ಮಕ್ಕಳೇ ನಡಸ್ತಾರ. ನಿಮ್ಮ ಗುಂಪು ಅಲ್ಲಿಗೆ ಮುಟ್ಟಬೇಕು.

ಕುಷ್ಟಗಿ_ಮಕ್ಕಳಸಭೆ

ಸಣ್ಣ ತಿದ್ದುಪಡಿ. ಮಕ್ಕಳೇ ಎಲ್ಲಾ ನಡಸೋದು ಏಳನೇದು. ಎಂಟನೇದು ಮಕ್ಕಳು ಶುರು ಮಾಡಿ ದೊಡ್ಡವರ ಜೊತಿ ಕೂಡಿ ತೀರ್ಮಾನ ಮಾಡೋದು. ಮತ್ತ ಎಲ್ಲಾ ಕೆಲಸಕ್ಕೂ ಮ್ಯಾಲಿನ ಮೆಟ್ಟಿಲೇ ಬೇಕಂತ ಏನಿಲ್ಲ. ಎಡದಂಡಿ ಕಾಲುವಿಗೆ ನೀರು ಬಿಟ್ಟಾಗ ಈಜಾಕ ಹೋಗಬೇಕೋ ಬ್ಯಾಡೋ ಅನ್ನೋದಕ್ಕ ಮತದಾನ ಇಡ್ತೀರೇನು? ಅಲ್ಲಿ ದೊಡ್ಡವರು "ಇಲ್ಲ" ಅನಬೇಕು, ಯಾಕ ಅಂತ ಹೇಳಬೇಕು, ಮುಗೀತು. ಮೊದಲನೇ ತಿಂಗಳು ನಾಕನೇ ಐದನೇ ಮೆಟ್ಟಿಲಿನ ಮ್ಯಾಲೆ ಪ್ರಾಮಾಣಿಕವಾಗಿ ನಿಂತ್ರೂ ದೊಡ್ಡದು: ಕೆಲಸ ಹಚ್ಚೋದು ನಾವೇ, ಯಾಕಂತ ಹೇಳಿ ಹಚ್ಚೋದು, ಅಭಿಪ್ರಾಯ ಕೇಳೋದು, ಕೇಳಿದ್ದನ್ನ ಏನ್ ಮಾಡಿದ್ವಿ ಅಂತ ತಿರುಗಿ ಹೇಳೋದು.

ಸಂಡೂರು_ಸ್ಕೌಟ್

ಸ್ಕೌಟ್‌ನಲ್ಲಿ ಇದಕ್ಕೆ ಹಳೇ ಉಪಾಯ ಐತೆ. ಆರರಿಂದ ಎಂಟು ಮಂದಿಯ ಒಂದೊಂದು ಪೆಟ್ರೋಲ್, ಅವರಲ್ಲೇ ಒಬ್ಬ ಲೀಡರ್. ಸ್ಕೌಟ್ ಮಾಸ್ಟರ್ 25 ಮಂದಿಗೆ ಹೇಳಲ್ಲ, ಮೂರು ನಾಲ್ಕು ಲೀಡರ್‌ಗಳ ಜೊತೆ ಮಾತಾಡ್ತಾರೆ, ಅವರು ತಮ್ಮ ತಮ್ಮವರಿಗೆ ಹೇಳ್ತಾರೆ. ಸರ್ ನಡುವೆ ಹೋಗಿ ನೇರವಾಗಿ ಹುಡುಗರಿಗೆ ಆರ್ಡರ್ ಕೊಟ್ರೆ ಆ ಲೀಡರ್ ಅವತ್ತಿಗೆ ಸತ್ತಂಗೆ.

ಕೊಪ್ಪಳ_ವಗ್ಗರಣಿ

ಪೆಟ್ರೋಲ್ ಅಂದ್ರ ಗಾಡಿಗೆ ಹಾಕೋದೇನ್ರೀ? ಲೀಟರಿಗೆ ನೂರರ ಮ್ಯಾಲ ಅದ, ನಮ್ಮೂರಿಗೆ ಆಗಂಗಿಲ್ಲ.

ಸಂಡೂರು_ಸ್ಕೌಟ್

ಹಾಸ್ಯ ಸಾಕು ವಗ್ಗರಣಿ ಅಣ್ಣ. ತಂಡ ಅಂತ ಓದ್ಕೊಳ್ಳಿ.

ಹಳೇ_ಮಾಸ್ತರ

ಇದೆಲ್ಲ ಸರಿ, ಶಿಸ್ತು ಎಲ್ಲಿ? ಈಗಿನ ಹುಡುಗರು ಮೊಬೈಲ್ ಹಿಡಿದು ಕೂರುತ್ತಾರೆ. ಒಬ್ಬರಾದರೂ ಕಣ್ಣು ಕೆಂಪು ಮಾಡುವವರು ಬೇಕು. ತಡವಾಗಿ ಬಂದವನಿಗೆ ಹತ್ತು ಬಸ್ಕಿ ಹೊಡೆಸಿದರೆ ಪ್ರಪಂಚ ಮುಳುಗುವುದಿಲ್ಲ.

ವಕೀಲ_ರಾಯಚೂರು

ಮಾಸ್ತರ್ರೇ, ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ಅದು ಶಾಲೆಗೆ, ನಿಮ್ಮದು ಗ್ರಂಥಾಲಯ ಅಂತ ವಾದ ಮಾಡಬಹುದು. ಹೊರಗೂ ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ ಇದೆ: ಮಗುವಿನ ಹೊಣೆ ಹೊತ್ತವರು ಹಿಂಸೆ ಕೊಟ್ಟರೆ ಅನ್ವಯಿಸುತ್ತದೆ. ಬಸ್ಕಿ ಬಿಡಿ.

ದೇವದುರ್ಗ_ಅಕ್ಕೋರು

ಬಸ್ಕಿ ಬ್ಯಾಡ ಅಂದಕೂಡ್ಲೆ ಎಲ್ಲಾರೂ "ಹಂಗಾರ ಕಸ ಹೊಡಸ್ರಿ" ಅಂತಾರ. ಅದೂ ಬ್ಯಾಡ. ಗುಂಪಿನ್ಯಾಗ ಪೌರಕಾರ್ಮಿಕರ ಮಕ್ಕಳಿದ್ರ, ತಮ್ಮ ಅವ್ವ ದಿನಾ ಮಾಡೋ ಕೆಲಸ ಇಲ್ಲಿ ಶಿಕ್ಷೆ ಅಂತ ಕಲೀತಾರ. ಕಸ ಹೊಡಿಯೋದು ಸರದಿ ಮ್ಯಾಲ ಇರಲಿ, ಮಾಸ್ತರ ಹೆಸರೂ ಆ ಸರದಿಯಾಗ ಇರಲಿ.

ನಿಯಮ ಹುಡುಗರೇ ಮಾಡ್ಲಿ, ಐದಕ್ಕಿಂತ ಹೆಚ್ಚು ಬ್ಯಾಡ. ಹತ್ತು ಬರದ್ರ ಯಾರಿಗೂ ನೆನಪಿರೋದಿಲ್ಲ. "ಶಿಸ್ತಿನಿಂದ ಇರಬೇಕು" ಅನ್ನೋದು ನಿಯಮ ಅಲ್ಲ. "ಮಾತು ನಡದಾಗ ಫೋನ್ ಬುಟ್ಟಿಯಾಗ" ಅನ್ನೋದು ನಿಯಮ, ಕಣ್ಣಿಗೆ ಕಾಣ್ತದ. ಮುರದ್ರ ಏನು ಅನ್ನೋದನ್ನೂ ಅವರೇ ಬರೀಲಿ. ಅವರು ಬರಿಯೋ ಶಿಕ್ಷೆ ನಿಮ್ಮದಕ್ಕಿಂತ ಕಠಿಣ ಇರ್ತದ, ಅದನ್ನ ಇಳಿಸೋದೇ ನಿಮ್ಮ ಕೆಲಸ ಆಗ್ತದ. ಫೋನ್ ಬುಟ್ಟಿಯಾಗ ದೊಡ್ಡವರ ಫೋನೂ ಬೀಳಬೇಕು ಮತ್ತ.

ಹಳೇ_ಮಾಸ್ತರ

ನನ್ನದು ಕೀಪ್ಯಾಡ್ ಫೋನು, ಅಕ್ಕೋರೇ.

ಕೊಪ್ಪಳ_ವಗ್ಗರಣಿ

ಬುಟ್ಟಿಗೆ ಕೀಪ್ಯಾಡ್ ಆದ್ರೇನು, ಟಚ್ ಆದ್ರೇನು ಗುರುಗಳೇ 😄

ಲಿಂಗಸುಗೂರು_ಹಾಸ್ಟೆಲ್

ಆಶಾ ಅಕ್ಕ ಕೇಳಿದ ಪ್ರಶ್ನಿಗೆ ಯಾರೂ ಉತ್ತರ ಹೇಳಿಲ್ಲ, ಅದೇ ಇಲ್ಲಿ ಎಲ್ಲಕ್ಕಿಂತ ಭಾರದ್ದು.

"ಅಕ್ಕಾ, ಯಾರಿಗೂ ಹೇಳಂಗಿಲ್ಲ ಅಂದ್ರ ಒಂದು ಹೇಳ್ತೀನಿ" ಅಂತ ಹುಡುಗಿ ಬರ್ತಾಳ. ಆಗ "ಆಣಿ, ಹೇಳಂಗಿಲ್ಲ" ಅಂದ್ರ ಮುಂದ ಎರಡೇ ದಾರಿ: ಮಾತು ಮುರೀಬೇಕು, ಇಲ್ಲಾ ಕಾನೂನು ಮುರೀಬೇಕು. ಅದಕ್ಕ ಮೊದಲೇ ಹಿಂಗ ಹೇಳ್ರಿ: "ನೀ ಹೇಳಿದ್ದನ್ನ ಊರಾಗ ಆಡಂಗಿಲ್ಲ. ಆದ್ರ ನಿನಗ ಯಾರರ ತ್ರಾಸ ಕೊಡ್ಲಿಕ್ಕತ್ತಾರ ಅಂದ್ರ, ನಿನ್ನ ಕಾಪಾಡೋರಿಗೆ ಹೇಳಲೇಬೇಕಾಗ್ತದ. ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗ ತಿಳಸ್ತೀನಿ." ಇದನ್ನ ಗುಂಪಿನ ಮೊದಲ ದಿನವೇ ಎಲ್ಲಾರಿಗೂ ಹೇಳಿಬಿಟ್ರ ಇನ್ನೂ ಚೊಲೋ.

ಹೇಳಿದ ಮ್ಯಾಲ: ಪೂರ್ತಿ ಕೇಳ್ರಿ. "ಯಾಕ ಹೋಗಿದ್ದಿ? ಆಗ್ಲೇ ಯಾಕ ಹೇಳ್ಲಿಲ್ಲ?" ಅನಬ್ಯಾಡ್ರಿ. ತಿರುಗಿ ತಿರುಗಿ ಕೇಳಬ್ಯಾಡ್ರಿ, ಪತ್ತೇದಾರಿ ಬ್ಯಾಡ. ಅವಳು ಅಂದ ಮಾತು ಅವಳದೇ ಶಬ್ದದಾಗ, ತಾರೀಖು ಹೊತ್ತು ಹಾಕಿ ಬರಕೊಳ್ರಿ. ತ್ರಾಸ ಕೊಟ್ಟೋನ ಹತ್ರ ಹೋಗಿ "ಹೌದೇನೋ" ಅಂತ ಕೇಳೋ ತಪ್ಪು ಮಾತ್ರ ಮಾಡಬ್ಯಾಡ್ರಿ. ಅದೇ ರಾತ್ರಿ ಪಂಚಾಯ್ತಿ ಕಟ್ಟಿ ಮ್ಯಾಲ ರಾಜಿ ಶುರು ಆಗ್ತದ.

ವಕೀಲ_ರಾಯಚೂರು

ಪೂರಕವಾಗಿ. ಪೋಕ್ಸೊ ಕಾಯ್ದೆ 2012 (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ), ಕಲಂ 19: 18 ತುಂಬದ ಹುಡುಗಿಯಾಗಲಿ ಹುಡುಗನಾಗಲಿ, ಲೈಂಗಿಕ ಅಪರಾಧ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಕಲಂ 21ರ ಪ್ರಕಾರ ಆರು ತಿಂಗಳವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ. ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇಡುವಂತಿಲ್ಲ. ಇದನ್ನು ಹುಡುಗಿಗೂ ಮನೆಯವರಿಗೂ ಹೇಳಿ, ಅರ್ಧ ಹೆದರಿಕೆ ಇಳಿಯುತ್ತದೆ. ಯಾರಿಗೆ ಫೋನ್ ಮಾಡಬೇಕೆಂದು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098.

ಆಶಾ ಅಕ್ಕನ ಪಾತ್ರ ಅಲ್ಲಿಗೆ ಮುಗಿಯುತ್ತದೆ ಎಂಬುದೂ ಗೊತ್ತಿರಲಿ. ಮುಂದೆ ಮಕ್ಕಳ ಕಲ್ಯಾಣ ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡುತ್ತದೆ. ಆಪ್ತಸಮಾಲೋಚಕರು ಬೇರೆ, ತನಿಖೆ ಮಾಡುವವರು ಬೇರೆ. ಎಲ್ಲವನ್ನೂ ತಾನೇ ಮಾಡಲು ಹೋದ ಒಳ್ಳೆಯ ಮನುಷ್ಯರಿಂದಲೇ ಕೇಸು ಕೆಡುವುದು ಹೆಚ್ಚು.

ದೇವದುರ್ಗ_ಅಕ್ಕೋರು

ವಕೀಲ ಸರ್, 17 ವರ್ಷದ ಹುಡುಗ-ಹುಡುಗಿ ಪ್ರೀತಿ ಮಾಡಿದ್ರೂ ಇದೇ ಕಾನೂನಾ? ಹಂಗಾದ್ರ ಯಾವ ಹುಡುಗೀನೂ ಬಾಯಿ ಬಿಡೋದಿಲ್ಲ.

ವಕೀಲ_ರಾಯಚೂರು

ಲೈಂಗಿಕ ಉದ್ದೇಶವಿಲ್ಲದ ಬರೇ ಮಾತು, ಚೀಟಿ, ನೋಟ ಅಪರಾಧವಲ್ಲ. ದೈಹಿಕ ಸಂಬಂಧ ಎಂದರೆ 18ರ ಒಳಗೆ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇಲ್ಲ. ಕಷ್ಟ ಇದೆ, ಒಪ್ಪುತ್ತೇನೆ. ಅದಕ್ಕೇ ಹಾಸ್ಟೆಲ್‌ನವರು ಹೇಳಿದಂತೆ ಮಿತಿಯನ್ನು ಮೊದಲೇ ಹೇಳುವುದು. ಹುಡುಗಿ ಎಷ್ಟು ಹೇಳಬೇಕು ಎಂಬುದನ್ನು ಅವಳೇ ಅಳೆದುಕೊಳ್ಳುತ್ತಾಳೆ.

ದೇವದುರ್ಗ_ಅಕ್ಕೋರು

ಅಳೆದುಕೊಂಡು ಸುಮ್ಮನಾಗ್ತಾಳ, ಅದೇ ನನ್ನ ತಕರಾರು. ಇರಲಿ, ಕಾನೂನು ಇಲ್ಲಿ ಕುಂತು ಬದಲಿ ಮಾಡಾಕ ಆಗೋದಿಲ್ಲ.

ಯಲಬುರ್ಗಾ_ತಂಗಿ

ಮದುವಿ ಗೊತ್ತು ಮಾಡಿದ್ರ ಏನ್ ಮಾಡೋದು ಅಂತಾನೂ ಹೇಳ್ರಿ. ನಮ್ಮ ಕಡಿ ಹುಡುಗೇರು ಗುಂಪು ಬಿಡೋದು ಅದಕ್ಕ.

ವಕೀಲ_ರಾಯಚೂರು

ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು. ಕರ್ನಾಟಕದ 2016ರ ತಿದ್ದುಪಡಿಯಂತೆ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮದುವೆಗೆ ಮುಂಚೆ ಗೊತ್ತಾದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಇಲ್ಲವೇ 1098ಕ್ಕೆ ತಿಳಿಸಿ. ನ್ಯಾಯಾಲಯದಿಂದ ತಡೆಯಾಜ್ಞೆಯೂ ತರಬಹುದು. ಅಕ್ಷಯ ತೃತೀಯದಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯಲು ಜಿಲ್ಲಾಧಿಕಾರಿಯೇ ನಿಷೇಧಾಧಿಕಾರಿ ಎಂದು ಕಾಯ್ದೆಯಲ್ಲೇ ಬರೆದಿದೆ.

ಲಿಂಗಸುಗೂರು_ಹಾಸ್ಟೆಲ್

ತಿಳಿಸೋರು ಯಾರು ಅನ್ನೋದು ಊರಿಗೆ ಗೊತ್ತಾಗಬಾರದು. ಅದೇ ಮನುಷ್ಯ ಮರುದಿನ ಅವರ ಮನಿಗೆ ಹೋಗಿ ಬುದ್ಧಿ ಹೇಳೋ ಹಿರಿಯ ಆಗಬಾರದು. ತಿಳಿಸೋರು ಒಬ್ಬರು, ಮನಿಯವರ ಜೊತಿ ಮಾತಾಡೋರು ಇನ್ನೊಬ್ಬರು. ಇಲ್ಲಂದ್ರ ಗುಂಪಿಗೆ ಬರೋ ಎಲ್ಲಾ ಹುಡುಗೇರ ಬಾಗಲೂ ಬಂದ್.

ಬಳ್ಳಾರಿ_ಕೌಲ್‌ಬಜಾರ್

ಡಿಗ್ರಿ ಹುಡುಗನ ಬಗ್ಗೆ ಒಂದು ಮಾತು. "ದೋಸ್ತರಂಗೆ" ಅನ್ನೋದೇ ಅಪಾಯದ ಪಾತ್ರ. ಅವನಿಗೆ 19-20, ಗುಂಪಿನ ಹುಡುಗಿಗೆ 17. ಅವನನ್ನ "ಅಣ್ಣ" ಅಂತಲೇ ಇರಿಸ್ರಿ, ಆಟ ಓದು ಎರಡಕ್ಕೂ ಅಣ್ಣ. ಅವನೊಬ್ಬನೇ ಗುಂಪು ನಡೆಸೋದು ಬ್ಯಾಡ, ಯಾವಾಗ್ಲೂ ಇಬ್ಬರು ದೊಡ್ಡೋರು, ಅದರಲ್ಲಿ ಒಬ್ಬರು ಹೆಂಗಸರು. ವಾಟ್ಸಾಪ್ ಗ್ರೂಪ್‌ನಲ್ಲಷ್ಟೇ ಮೆಸೇಜು, ಒಬ್ಬೊಬ್ಬರಿಗೆ ಪ್ರೈವೇಟ್ ಇಲ್ಲ, ರಾತ್ರಿ ಎಂಟರ ಮೇಲೆ ಏನೂ ಇಲ್ಲ. ಬೈಕ್ ಮೇಲೆ ಒಬ್ಬಳನ್ನೇ ಮನೆಗೆ ಬಿಡೋದು ಇಲ್ಲವೇ ಇಲ್ಲ, ಎಷ್ಟೇ ಹೊತ್ತಾದ್ರೂ. ಹೊತ್ತಾಗದಂಗೆ ಮುಗಿಸೋದೇ ಸರಿ. ಸಂಜೆ ನಾಲ್ಕೂವರೆಗೆ ಶುರು, ಆರಕ್ಕೆ ಬಂದ್.

ಈ ನಿಯಮ ಆ ಹುಡುಗನ ಮೇಲೆ ಅನುಮಾನ ಅಂತ ಅಲ್ಲ. ನಾಳೆ ಯಾರಾದ್ರೂ ಬಾಯಿಗೆ ಬಂದಂಗೆ ಅಂದ್ರೆ ಅವನನ್ನ ಕಾಯೋದೂ ಇದೇ ನಿಯಮ. ಐದೂ ಮಂದಿಗೆ ಒಂದೇ ಇರಲಿ, ಮಾಸ್ತರಿಗೂ.

ದೇವದುರ್ಗ_ಅಕ್ಕೋರು

ನಾಕೂವರಿ ಹತ್ತಿ ಬಿಡಿಸೋ ಕಾಲದಾಗ ಆಗೋದಿಲ್ಲ. ನವೆಂಬರ್‌ದಿಂದ ಜನವರಿ ತನಕ ಹಾಜರಿ ಅರ್ಧಕ್ಕ ಇಳೀತದ, ಅದನ್ನ "ಹುಡುಗರಿಗೆ ಆಸಕ್ತಿ ಇಲ್ಲ" ಅಂತ ಬರೀಬ್ಯಾಡ್ರಿ. 14ರ ಒಳಗಿನ ಮಗು ಸಾಲಿ ಬಿಟ್ಟು ಕೂಲಿಗೆ ಹೊಂಟದ ಅಂದ್ರ ಅದು ಹಾಜರಿ ವಿಷಯ ಅಲ್ಲ, ಕಾನೂನಿನ ವಿಷಯ. ದೊಡ್ಡವರಿಗೆ ಆ ಫರಕು ಗೊತ್ತಿರಬೇಕು. ಆ ಮೂರು ತಿಂಗಳು ಭಾನುವಾರ ಇಟ್ಟು ನೋಡ್ರಿ.

ನಾಡಕಚೇರಿ_ಕ್ಯೂ

ಮಾರ್ಗದರ್ಶಿ ಅನ್ನೋ ಪಾತ್ರ ಯಾರೂ ಹೇಳಲೇ ಇಲ್ಲ. ಗಣಿತ ಹೇಳಿಕೊಡೋಕಿಂತ ರಿಟೈರ್ಡ್ ಮಾಸ್ತರಿಗೆ ಒಪ್ಪೋದು ಇದು. ಒಬ್ಬ ದೊಡ್ಡವರಿಗೆ ಮೂರು ನಾಲ್ಕು ಹುಡುಗರು, ಹದಿನೈದು ದಿನಕ್ಕೊಮ್ಮೆ ಅರ್ಧ ತಾಸು. ಗ್ರಂಥಾಲಯದ ಕಟ್ಟೆ ಮೇಲೆ, ಎಲ್ಲರಿಗೂ ಕಾಣೋ ಜಾಗದಲ್ಲಿ, ಮಾತು ಮಾತ್ರ ಕೇಳಿಸದಷ್ಟು ದೂರ.

ಮಾತು ಬರೇ "ಏನಾಗಬೇಕಂತ ಇದ್ದಿ?" ಅಲ್ಲ. ಕಾಗದ ನೋಡ್ರಿ. ಒಂಬತ್ತನೇ ತರಗತಿಯಲ್ಲೇ ಆಧಾರ್ ಹೆಸರು, ಶಾಲೆ ದಾಖಲೆಯ ಹೆಸರು ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸ್ರಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇದ್ರೆ ಸ್ಕಾಲರ್‌ಶಿಪ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ತಿದ್ದಿಸೋದು ಹತ್ತು ಪಟ್ಟು ಓಡಾಟ. ಜಾತಿ-ಆದಾಯ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡ್ರಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಬ್ಯಾಂಕಿನಲ್ಲೇ ಕೇಳಿಸ್ರಿ, ಹಣ ವಾಪಸ್ ಹೋಗೋದು ಅಲ್ಲೇ. ನಮ್ಮ ಕಲ್ಯಾಣ ಕರ್ನಾಟಕ ಜಿಲ್ಲೆಗಳ ಮಕ್ಕಳಿಗೆ 371ಜೆ (ಈ ಭಾಗಕ್ಕೆ ಮೀಸಲಾತಿ ಕೊಡೋ ಸಂವಿಧಾನದ ವಿಧಿ) ಅರ್ಹತಾ ಪ್ರಮಾಣಪತ್ರ ಬೇರೆ ಇದೆ, ಸಹಾಯಕ ಆಯುಕ್ತರ ಕಚೇರಿಯಿಂದ. ಈ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ 70%, ಉಳಿದ ರಾಜ್ಯದಲ್ಲಿ 8% ಸೀಟು. ಸೀಟಿನ ಕೌನ್ಸೆಲಿಂಗ್ ಹಿಂದಿನ ವಾರ ಓಡಿದ್ರೆ ಸಿಗಲ್ಲ.

ಇಲ್ಲಿ ಆಗೋ ದೊಡ್ಡ ತಪ್ಪು ಏನಂದ್ರೆ ಮಾರ್ಗದರ್ಶಿ ತಾನೇ ಅರ್ಜಿ ತುಂಬಿಬಿಡೋದು. ಬೇಗ ಆಗುತ್ತೆ, ಪುಣ್ಯದ ಕೆಲಸ ಅನ್ನಿಸುತ್ತೆ. ಮುಂದಿನ ವರ್ಷ ರಿನ್ಯೂವಲ್‌ಗೆ ಹುಡುಗನಿಗೆ ಪಾಸ್‌ವರ್ಡೂ ಗೊತ್ತಿರಲ್ಲ, ಓಟಿಪಿ ಮಾಸ್ತರ ಫೋನಿಗೆ ಬರುತ್ತೆ. ಹುಡುಗ ಕ್ಯೂನಲ್ಲಿ ಮುಂದೆ ನಿಲ್ಲಲಿ, ನೀವು ಹಿಂದೆ ನಿಲ್ರಿ. ಕೌಂಟರ್‌ನೋರು ನಿಮ್ಮನ್ನ ನೋಡಿ ಮಾತಾಡಿದ್ರೆ ನೀವು ಹುಡುಗನ ಮುಖ ನೋಡ್ರಿ.

ಹಳೇ_ಮಾಸ್ತರ

ಇದು ಮಾತು. ಹೆಸರಿನ ಇನಿಶಿಯಲ್ ತೊಂದರೆ ನೂರಕ್ಕೆ ನೂರು ನಿಜ.

ಮಾನ್ವಿ_ಓದುಗ

ಅಂದ್ರ ಮಾಸ್ತರಿಗೆ ಒಪ್ಪಿಗಿ ಆತು. ಬರಕೊಳ್ರಿ, ಇವತ್ತಿನ ತಾರೀಖು.

ಕೊಪ್ಪಳ_ವಗ್ಗರಣಿ

ಎಲ್ಲಾ ಪಾತ್ರ ಹಂಚಿದ್ರಿ, ತಿನ್ನಾಕ ಕೊಡೋರ ಪಾತ್ರ ಯಾರದು? ಸಂಜಿ ನಾಕೂವರಿಗೆ ಖಾಲಿ ಹೊಟ್ಟಿ ಹುಡುಗರ ಮುಂದ ಯಾವ ಮೆಟ್ಟಿಲೂ ನಡೆಯೋದಿಲ್ಲ. 25 ಮಂದಿಗೆ ವಗ್ಗರಣಿ ಅಂದ್ರ ಮಂಡಾಳು ಒಂದೂ ಕಾಲು ಕೆಜಿ, ಉಳ್ಳಾಗಡ್ಡಿ ಮುಕ್ಕಾಲು ಕೆಜಿ, ಪುಟಾಣಿ ಹಿಟ್ಟು 150 ಗ್ರಾಂ, ನಿಂಬಿಹಣ್ಣು ನಾಕೈದು. ಮಂಡಾಳು ನೀರಾಗ ಮುಳುಗಿಸಿ ತಕ್ಷಣ ಹಿಂಡಿ ತಗೀರಿ, ಕೈ ತಡ ಮಾಡಿದ್ರ ಅಂಬಲಿ ಆಗ್ತದ.

ಬಳ್ಳಾರಿ_ಕೌಲ್‌ಬಜಾರ್

ಮಂಡಾಳು ಅಲ್ಲ, ಮಂಡಕ್ಕಿ. ಮಿರ್ಚಿ ಇಲ್ದೆ ವಗ್ಗರಣೆ ಕೊಟ್ರೆ ಹುಡುಗ್ರು ಎರಡನೇ ವಾರ ಬರಲ್ಲ.

ಯಲಬುರ್ಗಾ_ತಂಗಿ

ಚುರಮುರಿ ಅಂತೀವಿ ನಾವು. ಮತ್ತ ಅದನ್ನ ಹುಡುಗೇರೇ ಮಾಡಬೇಕು ಅಂತ ಆಗಬಾರದು, ಈಗಲೇ ಹೇಳಿಬಿಡ್ತೀನಿ.

ದೇವದುರ್ಗ_ಅಕ್ಕೋರು

ತಂಗಿ ಸರಿಯಾಗಿ ಹಿಡದಾಳ. ಅಡಗಿ ಸರದಿ ಚೀಟಿ ಎತ್ತಿ ಹಾಕ್ರಿ, ಹುಡುಗರ ಹೆಸರೂ ಇರಲಿ. ಮತ್ತ ದುಡ್ಡಿನ ಪೆಟ್ಟಿಗಿ ಹುಡುಗರ ಕೈಯಾಗೇ ಕೊಡ್ರಿ: ಒಬ್ಬ ಹುಡುಗಿ, ಒಬ್ಬ ಹುಡುಗ, ಇಬ್ಬರ ಸಹಿ. ನೋಟ್‌ಬುಕ್ಕಿನ್ಯಾಗ ಬಂದದ್ದು ಎಡಕ್ಕ, ಹೋದದ್ದು ಬಲಕ್ಕ, ಅಂಗಡಿ ಚೀಟಿ ಅಂಟಿಸೋದು. ತಿಂಗಳಿಗೆ 20-30 ರೂಪಾಯಿ ತಪ್ಪು ಬರ್ತದ. ಬಂದಾಗ ದೊಡ್ಡವರು ಕೈಯಿಂದ ತುಂಬಬ್ಯಾಡ್ರಿ. ತುಂಬಿದ್ರ ಲೆಕ್ಕ ಮತ್ತ ನಿಮ್ಮದೇ ಆತು.

ಲಿಂಗಸುಗೂರು_ಹಾಸ್ಟೆಲ್

ಚೀಟಿ ಪೆಟ್ಟಿಗಿ ಇಡೋ ವಿಚಾರ ಇದ್ರ ಒಂದು ಸೂಕ್ಷ್ಮ. 25 ಮಂದಿಗೂ ಒಂದೇ ಅಳತಿ ಹಾಳಿ, ಒಂದೇ ಬಣ್ಣದ ಪೆನ್ನು ಕೊಡ್ರಿ, ಏನೂ ಇಲ್ಲದೋರು ಹೂವಿನ ಚಿತ್ರ ಬರದು ಹಾಕ್ಲಿ. ಬೇಕಾದೋರು ಮಾತ್ರ ಬರೀರಿ ಅಂದ್ರ, ಯಾರು ಬರದ್ರು ಅಂತ ಎಲ್ಲಾರೂ ನೋಡ್ತಾರ. ಚೀಟಿ ಓದೋವಾಗ ತಲಿ ಎತ್ತಬ್ಯಾಡ್ರಿ. ಎತ್ತಿದ ಕಣ್ಣು ಯಾರ ಮ್ಯಾಲ ಬಿತ್ತೋ, ಅವರೇ ಬರದೋರು ಅಂತ ಗುಂಪು ತೀರ್ಮಾನ ಮಾಡಿಬಿಡ್ತದ.

ಮನಸ್ಸಿಗೆ ಭಾರ ಆದ ಮಾತು ಚೀಟಿಯಾಗ ಬಂದ್ರ, ಸಾಯಬೇಕು ಅನಸ್ತದ ಅನ್ನೋ ಥರದ್ದು, ಅದನ್ನ ಗುಂಪಿನ್ಯಾಗ ಓದಬ್ಯಾಡ್ರಿ. ಟೆಲಿ ಮಾನಸ್ 14416 ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದ, ಕನ್ನಡದಾಗ ಮಾತಾಡ್ತಾರ. ಆ ನಂಬರ್ ಗ್ವಾಡಿ ಮ್ಯಾಲ ಮೊದಲ ದಿನವೇ ಬರದು ಅಂಟಸ್ರಿ, ಎಲ್ಲಾರಿಗೂ ಕಾಣಂಗ. ಬೇಕಾದೋರು ಯಾರನ್ನೂ ಕೇಳದೇ ಬರಕೊಂಡು ಹೋಗ್ತಾರ.

ಸಿಂಧನೂರು_ಎಡದಂಡಿ

ಎಲ್ಲಾರಿಗೂ ಶರಣು. ಇಷ್ಟು ಬರಕೊಂಡೀನಿ, ತಪ್ಪಿದ್ರ ತಿದ್ರಿ. ಮಾಸ್ತರು ಮಾರ್ಗದರ್ಶಿ, ಕಾಗದ-ಪತ್ರ ಅವರ ಕಡಿ, ಗಣಿತ ಕೇಳಿದೋರಿಗೆ ಮಾತ್ರ. ಖೋಖೋದೋರು ಕೋಚ್, ಸೀಟಿ ಮಾತ್ರ ಡಿಗ್ರಿ ಹುಡುಗನ ಕೈಯಾಗ. ಡಿಗ್ರಿ ಹುಡುಗ ಅಣ್ಣ, ಒಬ್ಬನೇ ಎಂದೂ ಗುಂಪು ನಡಸಂಗಿಲ್ಲ. ಆಶಾ ಅಕ್ಕ ಹುಡುಗೇರ ಮಾತು ಕೇಳೋರು, ಮೇಲಕ್ಕ ತಿಳಸೋದು ನಾನು. ಸಭಾ ನಡಸೋದು ಮೊದಲ ತಿಂಗಳು ನಾನೇ, ಎರಡನೇ ತಿಂಗಳಿಂದ ತಂಡದ ಲೀಡರ್‌ಗಳು.

ಲಿಂಗಸುಗೂರು_ಹಾಸ್ಟೆಲ್

ಒಂದು ತಿದ್ದಿಕೊಳ್ರಿ. ಆಶಾ ಅಕ್ಕ ಊರಾಗ ಮನಿ ಮನಿಗೆ ಹೋಗೋರು, ಹುಡುಗಿಯ ಅವ್ವನ ಜೊತಿಗೂ ದಿನಾ ಮಾತಾಡ್ತಾರ. ಕೆಲವು ಹುಡುಗೇರು ಅದಕ್ಕೇ ಅವರಿಗೆ ಹೇಳೋದಿಲ್ಲ. ಇನ್ನೊಬ್ಬ ಹೆಂಗಸರು ಬೇಕು, ಅಕ್ಕಪಕ್ಕದೂರಿನವರಾದ್ರೂ ಅಡ್ಡಿಯಿಲ್ಲ. ಮತ್ತ ಪೋಕ್ಸೊ ವಿಷಯದಾಗ "ತಿಳಸೋದು ನಾನು" ಅಂತ ಬರದ್ರ ಅಕ್ಕನ ಹೊಣಿ ಹೋಗೋದಿಲ್ಲ, ಕೇಳಿದ ಪ್ರತಿಯೊಬ್ಬರದೂ ಹೊಣಿ.

ಸಿಂಧನೂರು_ಎಡದಂಡಿ

ತಿದ್ದಿದೆ. ಅಂಗನವಾಡಿ ಟೀಚರ್ ಒಬ್ಬರು ಪಕ್ಕದ ಕ್ಯಾಂಪಿನ್ಯಾಗ ಅದಾರ, ಕೇಳ್ತೀನಿ.

ಸಂಡೂರು_ಸ್ಕೌಟ್

ಗ್ರಂಥಾಲಯದ ಕೀಲಿ ಯಾರ ಹತ್ರ?

ಸಿಂಧನೂರು_ಎಡದಂಡಿ

ಮೇಲ್ವಿಚಾರಕರ ಹತ್ರ.

ಸಂಡೂರು_ಸ್ಕೌಟ್

ಅಂದ್ರೆ ಆರನೇ ದೊಡ್ಡೋರು ಅವರು. ಆರಕ್ಕೆ ಬಂದ್ ಮಾಡೋದು, ಆಟದ ಸಾಮಾನು ಎಲ್ಲಿಡೋದು, ಪುಸ್ತಕ ಹರಿದ್ರೆ ಬೈಯೋದು ಎಲ್ಲಾ ಅವರೇ. ಅವರನ್ನ ಒಂದು ಮಾತು ಕೇಳಿದ್ರೇನು?

ಸಿಂಧನೂರು_ಎಡದಂಡಿ

ಅಯ್ಯೋ, ಇಲ್ರೀ. ನಾಳೆ ಮುಂಜಾನಿ ಹೋಗ್ತೀನಿ.